ಪುಸ್ತಕ, ಮಾಧ್ಯಮ, ಜಗತ್ತು: ವಾರದ ಸುದ್ದಿ ಸುತ್ತು ಬರೆಯುವುದು ಹೇಗೆ

ವಾರಕ್ಕೊಮ್ಮೆ ಕೂತು, ಪುಸ್ತಕ ಲೋಕದಲ್ಲಿ ಏನಾಯ್ತು, ಪತ್ರಿಕೆ, ಟಿವಿ, ಪಾಡ್‌ಕಾಸ್ಟ್ ಕಡೆ ಏನಾಯ್ತು, ಉಳಿದ ಜಗತ್ತಿನಲ್ಲಿ ಏನಾಯ್ತು ಅಂತ ನೋಡಿ, ಅದರಲ್ಲಿ ಏಳೆಂಟು ಸುದ್ದಿ ಆರಿಸಿ, ಒಂದೊಂದರ ಕೆಳಗೂ ನಿಮ್ಮ ನಾಲ್ಕು ಮಾತು ಸೇರಿಸಿ ಓದುಗರ ಮುಂದಿಡುವುದು. ವಾರದ ಸುದ್ದಿ ಸುತ್ತು ಅಂದರೆ ಇಷ್ಟೇ. ಅದನ್ನು ಚೆನ್ನಾಗಿ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಓದುಗರಿಗೆ ಸುದ್ದಿಯ ಬರ ಇಲ್ಲ. ಫೋನ್ ತೆಗೆದರೆ ಸಾಕು, ಸುರಿಯುತ್ತದೆ. ಅವರಿಗೆ ಸುಸ್ತಾಗಿದೆ, ಅದು ವಿಷಯ. ಆಕ್ಸ್‌ಫರ್ಡ್‌ನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಪ್ರತಿ ವರ್ಷ ಹತ್ತಾರು ದೇಶಗಳಲ್ಲಿ ಸಮೀಕ್ಷೆ ಮಾಡುತ್ತದೆ. ಕೆಲವೊಮ್ಮೆ ಅಥವಾ ಆಗಾಗ ಬೇಕಂತಲೇ ಸುದ್ದಿಯಿಂದ ದೂರ ಇರುತ್ತೇವೆ ಎಂದವರು 2017ರಲ್ಲಿ ಶೇ 29 ಇದ್ದರು. 2025ರಲ್ಲಿ ಅದು ಶೇ 40 ಆಯಿತು. ಹೀಗೆ ಸುಸ್ತಾದವರಿಗೆ ವಾರದ ಸುತ್ತಿನಿಂದ ಆಗುವ ದೊಡ್ಡ ಉಪಕಾರ ಅಂದರೆ, ಅದು ಮುಗಿಯುತ್ತದೆ. ಹತ್ತು ನಿಮಿಷ ಓದಿದರೆ ಕೊನೆ ಬರುತ್ತದೆ. ಯಾರೋ ಒಬ್ಬರು ನಮ್ಮ ಪರವಾಗಿ ಎಲ್ಲವನ್ನೂ ಓದಿ, ಯೋಚಿಸಿ, ಇದು ನೋಡಬೇಕಾದದ್ದು ಅಂತ ಎತ್ತಿ ಕೊಟ್ಟಿದ್ದಾರೆ ಅನ್ನುವ ನಂಬಿಕೆ ಹುಟ್ಟಿದರೆ ಅವರು ಮುಂದಿನ ವಾರವೂ ಬರುತ್ತಾರೆ. ಹಾಗಾಗಿ ನನ್ನದು ಒಂದೇ ನಿಯಮ: ಪೂರ್ತಿ ಓದದ ಯಾವ ಸುದ್ದಿಯನ್ನೂ ಸೇರಿಸಬೇಡಿ. ಮುಂದೆ ಹೇಳುವುದೆಲ್ಲ ಹೆಚ್ಚು ಕಡಿಮೆ ಇದರಿಂದಲೇ ಹುಟ್ಟಿದ್ದು.

ವಾರವಿಡೀ ಕೂಡಿಡಿ

ಕೊನೇ ದಿನ ಕೂತು ಒಂದೇ ಏಟಿಗೆ ಎಲ್ಲ ಹುಡುಕುತ್ತೇನೆ ಅಂದರೆ ಆಗುವುದಿಲ್ಲ. ಆಗ ಕೈಗೆ ಸಿಗುವುದು ಹಿಂದಿನ ದಿನದ ಗದ್ದಲ ಮಾತ್ರ. ವಾರದ ಶುರುವಿನಲ್ಲಿ ಬಂದ ಒಳ್ಳೆ ಸುದ್ದಿ ಅಷ್ಟರಲ್ಲಿ ಎಲ್ಲೋ ಕೆಳಗೆ ಹೋಗಿರುತ್ತದೆ. ಒಂದು ನೋಟ್‌ಬುಕ್ಕೋ, ಫೋನಿನ ನೋಟ್ಸ್ ಆ್ಯಪ್ಪೋ ಇಟ್ಟುಕೊಳ್ಳಿ. ಕಣ್ಣಿಗೆ ಬಿದ್ದದ್ದನ್ನು ಆಗಲೇ ಬರೆದಿಡಿ: ಲಿಂಕು, ದಿನಾಂಕ, ಮತ್ತು ಇದು ಯಾಕೆ ಬೇಕು ಅನ್ನುವ ಒಂದು ಸಾಲು. ಆ ಸಾಲನ್ನು ಬಿಡಬೇಡಿ. ನಾಲ್ಕು ದಿನ ಬಿಟ್ಟು ನೋಡಿದಾಗ ಲಿಂಕು ಮಾತ್ರ ಇದ್ದರೆ, ಇದನ್ನು ಯಾಕೆ ಎತ್ತಿಟ್ಟೆ ಅಂತ ನೆನಪೇ ಬರುವುದಿಲ್ಲ. ಸಾಲು ಬರೆಯಲು ಏನೂ ತೋಚದಿದ್ದರೆ ಆ ಸುದ್ದಿ ನಿಮಗೆ ಬೇಡ ಅಂತಲೇ ಲೆಕ್ಕ.

ಸೋಶಿಯಲ್ ಮೀಡಿಯಾ ತೋರಿಸಿದ್ದನ್ನು ಮಾತ್ರ ನೆಚ್ಚಿಕೊಂಡರೆ ಎಲ್ಲರೂ ಮಾತಾಡುತ್ತಿರುವುದನ್ನೇ ನೀವೂ ಮಾತಾಡುತ್ತೀರಿ. ಅದಕ್ಕೆ ಹಳೇ ದಾರಿಯೊಂದಿದೆ, ಆರ್‌ಎಸ್‌ಎಸ್ ಫೀಡ್. ಸೈಟಿನಲ್ಲಿ ಹೊಸದು ಬಂದಾಗೆಲ್ಲ ಅದನ್ನು ತಾನಾಗಿ ನಿಮಗೆ ತಲುಪಿಸುವ, 1999ರಲ್ಲಿ ಬಂದ ತಂತ್ರ ಇದು. ಫೀಡ್ ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿದಾಗ ಇದರ ಕತೆ ಮುಗಿಯಿತು ಅಂದವರು ಬಹಳ ಜನ. ಮುಗಿಯಲಿಲ್ಲ. ಇವತ್ತಿಗೂ ಎಷ್ಟೋ ಪತ್ರಿಕೆ, ನಿಯತಕಾಲಿಕ, ಪ್ರಕಾಶನದ ಸೈಟುಗಳು ಫೀಡ್ ಕೊಡುತ್ತವೆ. ಫೀಡ್ಲಿ, ಇನೊರೀಡರ್ ಥರದ ಆ್ಯಪ್‌ಗೆ ನಿಮಗೆ ಬೇಕಾದ ಸೈಟುಗಳನ್ನು ಒಮ್ಮೆ ಸೇರಿಸಿಬಿಟ್ಟರೆ ಹೊಸದೆಲ್ಲ ಒಂದೇ ಕಡೆ ಬಂದು ಬೀಳುತ್ತದೆ, ಬಂದ ಹೊತ್ತಿನ ಕ್ರಮದಲ್ಲಿ. ಯಾರಿಗೆ ಎಷ್ಟು ಲೈಕ್ ಬಂತು ಅನ್ನುವ ಲೆಕ್ಕ ಅಲ್ಲಿ ಇರುವುದಿಲ್ಲ. ಇಪ್ಪತ್ತು ಮೂವತ್ತು ಸೈಟು ಸಾಕು. ಜಾಸ್ತಿ ಸೇರಿಸಿದರೆ ಓದಲು ಬಾಕಿ ಇರುವ ಸಂಖ್ಯೆ ನೋಡಿಯೇ ಉತ್ಸಾಹ ಇಳಿದುಹೋಗುತ್ತದೆ.

ಪುಸ್ತಕದ ಸುದ್ದಿಯಲ್ಲಿ ಒಂದು ಅನುಕೂಲ ಇದೆ. ಅದರಲ್ಲಿ ಬಹಳಷ್ಟು ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಏಪ್ರಿಲ್ 23 ಯುನೆಸ್ಕೊದ ವಿಶ್ವ ಪುಸ್ತಕ ದಿನ. ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಇಂಟರ್‌ನ್ಯಾಷನಲ್ ಬೂಕರ್ ಕೂಡ ಹೆಚ್ಚಾಗಿ ಆಗಲೇ. ಬೂಕರ್‌ನ ಲಾಂಗ್‌ಲಿಸ್ಟ್, ಅಂದರೆ ಮೊದಲ ಸುತ್ತಿನ ಉದ್ದ ಪಟ್ಟಿ, ಜುಲೈ ಕೊನೆಯ ಹೊತ್ತಿಗೆ ಬರುತ್ತದೆ. ಅಕ್ಟೋಬರ್ ಬಂತೆಂದರೆ ಸಾಹಿತ್ಯದ ನೊಬೆಲ್ ಮತ್ತು ಫ್ರಾಂಕ್‌ಫರ್ಟ್ ಪುಸ್ತಕ ಮೇಳ. ಮಾಧ್ಯಮದ ಕಡೆ ನೋಡಿದರೆ ಮೇ 3 ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನ. ಅದರ ಆಸುಪಾಸಿನಲ್ಲೇ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ 180 ದೇಶಗಳ ಪತ್ರಿಕಾ ಸ್ವಾತಂತ್ರ್ಯದ ಸೂಚ್ಯಂಕ ಬಿಡುಗಡೆ ಮಾಡುತ್ತದೆ. ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ವಾರ ಮೊದಲೇ ಹಿನ್ನೆಲೆ ಓದಿಟ್ಟುಕೊಳ್ಳಿ. ಶಾರ್ಟ್‌ಲಿಸ್ಟ್‌ನಲ್ಲಿರುವ, ಅಂದರೆ ಕೊನೆಯ ಸುತ್ತಿಗೆ ಉಳಿದ, ಒಂದೆರಡು ಪುಸ್ತಕ ಮೊದಲೇ ಓದಿದ್ದರೆ ಇನ್ನೂ ಒಳ್ಳೆಯದು. ಪ್ರಶಸ್ತಿ ಘೋಷಣೆಯಾದ ದಿನ ಎಲ್ಲರೂ ಒಂದೇ ಪತ್ರಿಕಾ ಪ್ರಕಟಣೆಯನ್ನು ತಿರುಗಿಸಿ ಬರೆಯುತ್ತಿರುವಾಗ, ಪುಸ್ತಕ ಓದಿದ ನಿಮ್ಮ ಎರಡು ಸಾಲಿಗೆ ಬೆಲೆ ಜಾಸ್ತಿ.

ಆರಿಸುವುದೇ ಅರ್ಧ ಕೆಲಸ

ವಾರದ ಕೊನೆಗೆ ನಿಮ್ಮ ನೋಟ್‌ಬುಕ್ಕಿನಲ್ಲಿ ನಲವತ್ತು ಸುದ್ದಿ ಇರಬಹುದು. ಅದರಲ್ಲಿ ಎಂಟು ಉಳಿಯಬೇಕು. ಮೂವತ್ತೆರಡನ್ನು ಬಿಡುವುದು ಕಷ್ಟ, ನಿಜ. ಆದರೆ ಎಲ್ಲವನ್ನೂ ತುಂಬಿದರೆ ಅದು ಸುಮ್ನೆ ಲಿಂಕುಗಳ ರಾಶಿ ಆಗುತ್ತದೆ. ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಮುಂದಿನ ತಿಂಗಳು ಯಾರಿಗಾದರೂ ನೆನಪಿರುತ್ತದಾ? ಯಾವ ನಟ ಯಾವ ಪುಸ್ತಕ ಹಿಡಿದು ಫೋಟೊ ತೆಗೆಸಿಕೊಂಡ ಅನ್ನುವುದು ನೆನಪಿರುವುದಿಲ್ಲ. ಒಂದು ಊರಿನ ಗ್ರಂಥಾಲಯದ ಕಪಾಟಿನಿಂದ ಪುಸ್ತಕಗಳನ್ನು ತೆಗೆಸಿದರು, ಒಂದು ಸುದ್ದಿಮನೆಯ ವಿದೇಶಿ ವರದಿಗಾರರನ್ನೆಲ್ಲ ಮನೆಗೆ ಕಳಿಸಿದರು, ಸಣ್ಣ ಭಾಷೆಯೊಂದರ ಕಾದಂಬರಿ ಮೊದಲ ಸಲ ಬೇರೆ ಭಾಷೆಗೆ ಹೋಯಿತು. ಇಂಥವು ಉಳಿಯುತ್ತವೆ.

ಮೂರೂ ವಿಭಾಗಕ್ಕೆ ಸಮ ಸಮ ಕೊಡಲೇಬೇಕು ಅಂತ ಹಟ ಬೇಡ. ಒಂದು ವಾರ ಪುಸ್ತಕದ್ದೇ ಆರು ಸುದ್ದಿ ಇರಬಹುದು. ಯುದ್ಧವೋ ಭೂಕಂಪವೋ ಆದ ವಾರ ಪುಸ್ತಕಕ್ಕೆ ಒಂದೇ ಇರಬಹುದು. ಆದರೆ ಪ್ರತಿ ವಾರ ಒಂದಾದರೂ ಸುದ್ದಿ, ನಿಮ್ಮ ಓದುಗರು ಬೇರೆಲ್ಲೂ ಕಾಣದೇ ಇದ್ದದ್ದು ಇರಲಿ. ಅನುವಾದಕರು, ಸಣ್ಣ ಪ್ರಕಾಶಕರು, ಗ್ರಂಥಪಾಲಕರು, ಸ್ಥಳೀಯ ವರದಿಗಾರರು ತಲೆಬರಹಕ್ಕೆ ಬರುವುದೇ ಅಪರೂಪ. ಅವರ ಕಡೆಯ ಸುದ್ದಿ ಹುಡುಕಿದರೆ ಸಿಗುತ್ತದೆ.

ಸೇರಿಸುವ ಮುಂಚೆ ಪರೀಕ್ಷಿಸಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದರೆ ಇಡೀ ಕೆಲಸದ ಜೀವ ಇರುವುದು ಇಲ್ಲೇ.

2025ರ ಮೇ ತಿಂಗಳಲ್ಲಿ ಅಮೆರಿಕದ ಶಿಕಾಗೊ ಸನ್-ಟೈಮ್ಸ್ ಪತ್ರಿಕೆಯ ಜೊತೆ ಬೇಸಿಗೆಯ ವಿಶೇಷ ಪುರವಣಿಯೊಂದು ಬಂತು. ಅದರಲ್ಲಿ ಬೇಸಿಗೆಯಲ್ಲಿ ಓದಬೇಕಾದ 15 ಪುಸ್ತಕಗಳ ಪಟ್ಟಿ ಇತ್ತು. ಲೇಖಕರೆಲ್ಲ ನಿಜವಾದವರು, ಹೆಸರು ಮಾಡಿದವರು. ಆದರೆ ಆ 15ರಲ್ಲಿ 10 ಪುಸ್ತಕ ಈ ಭೂಮಿಯ ಮೇಲೆ ಇರಲೇ ಇಲ್ಲ. ಚಿಲಿಯ ಲೇಖಕಿ ಇಸಾಬೆಲ್ ಅಯೆಂದೆ ಬರೆದದ್ದು ಅಂತ ಹಾಕಿದ್ದ ಕಾದಂಬರಿಯನ್ನು ಅವರು ಬರೆದೇ ಇಲ್ಲ. ಹೆಸರು, ಕಥೆಯ ಸಾರಾಂಶ ಎಲ್ಲವನ್ನೂ ಎಐ ಹುಟ್ಟಿಸಿತ್ತು. ಪುರವಣಿ ಮಾಡಿ ಕೊಟ್ಟದ್ದು ಪತ್ರಿಕೆಯ ಸಂಪಾದಕ ಬಳಗ ಅಲ್ಲ, ಬೇರೆ ಬೇರೆ ಪತ್ರಿಕೆಗಳಿಗೆ ಬರಹ ಒದಗಿಸುವ ಹೊರಗಿನ ಸಿಂಡಿಕೇಟ್ ಸಂಸ್ಥೆ. ಪಟ್ಟಿ ಬರೆದವರು ಎಐ ಕೊಟ್ಟದ್ದನ್ನು ಪರೀಕ್ಷಿಸದೆ ಕಳಿಸಿದ್ದರು. ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಜೊತೆಗೂ ಅದೇ ಹೋಯಿತು. ಇಷ್ಟು ಕೈ ದಾಟಿ ಬಂದರೂ ಯಾರೊಬ್ಬರೂ ಆ ಪುಸ್ತಕಗಳ ಹೆಸರನ್ನು ಒಮ್ಮೆ ಹುಡುಕಿ ನೋಡಲಿಲ್ಲ.

ಹುಡುಕಿ ನೋಡಲು ಎರಡು ನಿಮಿಷ ಸಾಕು. ಪುಸ್ತಕದ ಸುದ್ದಿ ಬಂದಾಗ ಪ್ರಕಾಶಕರ ಸೈಟಿಗೆ ಹೋಗಿ. ಅಲ್ಲಿ ಆ ಪುಸ್ತಕದ ಪುಟ ಇದೆಯಾ, ಬಿಡುಗಡೆಯ ದಿನಾಂಕ ಏನು, ಐಎಸ್‌ಬಿಎನ್, ಅಂದರೆ ಆ ಪುಸ್ತಕದ ಗುರುತಿನ ಸಂಖ್ಯೆ, ಇದೆಯಾ ನೋಡಿ. 2007ರಿಂದ ಈಚೆಗೆ ಐಎಸ್‌ಬಿಎನ್‌ನಲ್ಲಿ 13 ಅಂಕಿ ಇರುತ್ತದೆ. ಆ ಸಂಖ್ಯೆಯನ್ನು ಗ್ರಂಥಾಲಯಗಳ ಕ್ಯಾಟಲಾಗ್ ಆದ ವರ್ಲ್ಡ್‌ಕ್ಯಾಟ್‌ನಲ್ಲಿ ಹಾಕಿ ನೋಡಬಹುದು. ಆನ್‌ಲೈನ್ ಅಂಗಡಿಯಲ್ಲಿ ಪುಟ ಇದ್ದ ಮಾತ್ರಕ್ಕೆ ನಂಬಬೇಡಿ. ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಮಾರಾಟಕ್ಕೆ ಇಡಬಹುದು.

ಸಾಹಿತ್ಯದ ನೊಬೆಲ್ ಹೊತ್ತಿಗೆ ಇನ್ನೊಂದು ಥರದ ಸುಳ್ಳು ಓಡಾಡುತ್ತದೆ. "ಈ ಸಲ ನೊಬೆಲ್‌ಗೆ ನಾಮನಿರ್ದೇಶನ ಆಗಿರುವ ಲೇಖಕರು" ಅಂತ ಪಟ್ಟಿ. ನಾಮನಿರ್ದೇಶನದ ವಿವರಗಳನ್ನು 50 ವರ್ಷ ಗುಟ್ಟಾಗಿ ಇಡುವುದು ನೊಬೆಲ್‌ನ ನಿಯಮ. ಪ್ರಶಸ್ತಿಗೆ ಆಯ್ಕೆ ಮಾಡುವ ಸ್ವೀಡಿಷ್ ಅಕಾಡೆಮಿ ಶಾರ್ಟ್‌ಲಿಸ್ಟನ್ನೂ ಪ್ರಕಟಿಸುವುದಿಲ್ಲ. ಹಾಗಿದ್ದ ಮೇಲೆ ಆ ಪಟ್ಟಿ ಎಲ್ಲಿಂದ ಬಂತು? ಹೆಚ್ಚಿನ ಸಲ ಬೆಟ್ಟಿಂಗ್ ಕಂಪನಿಗಳ ಅಂದಾಜಿನಿಂದ. ಅದನ್ನು ಅಂದಾಜು ಅಂತಲೇ ಹೇಳಿ ಬರೆದರೆ ತಪ್ಪಿಲ್ಲ. ಸುದ್ದಿ ಅಂತ ಬರೆದರೆ ತಪ್ಪು.

ಲೇಖಕರ ಸಾವಿನ ಸುದ್ದಿಗೆ ಅಂತೂ ಎರಡು ಪಟ್ಟು ಎಚ್ಚರ ಬೇಕು. 2016ರ ಜೂನ್‌ನಲ್ಲಿ ಅಮೆರಿಕದ ಕಾದಂಬರಿಕಾರ ಕಾರ್ಮ್ಯಾಕ್ ಮೆಕಾರ್ಥಿ ತೀರಿಕೊಂಡರು ಅಂತ ಟ್ವಿಟರ್‌ನಲ್ಲಿ ಬಂತು. ಬಂದದ್ದು ಅವರ ಪ್ರಕಾಶಕರಾದ ಕ್ನಾಫ್ ಹೆಸರಿನ ಖಾತೆಯಿಂದ. ಖಾತೆ ನಕಲಿ. ಯುಎಸ್‌ಎ ಟುಡೇಯಂಥ ದೊಡ್ಡ ಪತ್ರಿಕೆಯೇ ಅದನ್ನು ನಂಬಿ ಹಂಚಿತು. ಮೆಕಾರ್ಥಿ ಆರಾಮವಾಗಿ ಇದ್ದರು. ಅವರು ತೀರಿಕೊಂಡದ್ದು ಏಳು ವರ್ಷದ ಮೇಲೆ, 2023ರ ಜೂನ್‌ನಲ್ಲಿ. ಕುಟುಂಬದವರೋ, ಪ್ರಕಾಶಕರ ಸ್ವಂತ ಸೈಟೋ, ಇಲ್ಲಾ ಕುಟುಂಬದ ಜೊತೆ ಮಾತಾಡಿದ್ದೇವೆ ಎಂದು ಹೇಳುವ ಸುದ್ದಿಸಂಸ್ಥೆಯೋ ಖಚಿತ ಮಾಡುವ ತನಕ ಕಾಯಿರಿ. ನೀವು ಬರೆಯುತ್ತಿರುವುದು ವಾರಕ್ಕೊಮ್ಮೆ, ಓಟದ ಸ್ಪರ್ಧೆಯಲ್ಲಿ ಇಲ್ಲ. ಒಂದು ದಿನ ಕಾದರೆ ನಿಮಗೇನೂ ನಷ್ಟ ಇಲ್ಲ, ಅಲ್ವಾ?

ಜಗತ್ತಿನ ಸುದ್ದಿಯಲ್ಲಿ ಜನ ಎಡವುವುದು ಮೂಲವನ್ನು ಎಣಿಸುವಾಗ. ಹತ್ತು ಪತ್ರಿಕೆಯಲ್ಲಿ ಬಂದಿದೆ, ಹಾಗಾದರೆ ನಿಜವೇ ಇರಬೇಕು ಅಂದುಕೊಳ್ಳುತ್ತಾರೆ. ಹತ್ತನ್ನೂ ತೆರೆದು, ಶುರುವಿನಲ್ಲೋ ಕೊನೆಯಲ್ಲೋ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಎಪಿ, ರಾಯಿಟರ್ಸ್, ಎಎಫ್‌ಪಿ, ಪಿಟಿಐ ಅಂತ ಯಾವುದೋ ಒಂದು ಸುದ್ದಿಸಂಸ್ಥೆಯ ಹೆಸರಿರುತ್ತದೆ. ಹತ್ತರಲ್ಲೂ ಒಂದೇ ಹೆಸರಿದ್ದರೆ ನಿಮ್ಮ ಕೈಯಲ್ಲಿರುವುದು ಒಂದೇ ವರದಿ. ಈ ಸಂಸ್ಥೆಗಳು ಕೆಟ್ಟವು ಅಂತಲ್ಲ. ಎಪಿ 1846ರಿಂದ, ರಾಯಿಟರ್ಸ್ 1851ರಿಂದ ಇದೇ ಕೆಲಸ ಮಾಡುತ್ತಿವೆ, ಜಗತ್ತಿನ ಸುದ್ದಿಯ ಬಹುಪಾಲು ಇಂಥವರ ಶ್ರಮದಿಂದಲೇ ನಮಗೆ ತಲುಪುತ್ತದೆ. ಅದಕ್ಕೇ ಲಿಂಕು ಕೊಡುವಾಗ ಅವರ ಮೂಲ ವರದಿಗೇ ಕೊಡಿ. ಅದನ್ನು ಕತ್ತರಿಸಿ ತಲೆಬರಹ ಬದಲಿಸಿದ ಕಡೆಗೆ ಕೊಡಬೇಡಿ.

ಅಂಕಿಗಳ ವಿಷಯ. ದೊಡ್ಡ ದುರಂತದ ಮೊದಲ ದಿನದ ಅಂಕಿ ನಿಲ್ಲುವುದಿಲ್ಲ. 2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ 7.7 ತೀವ್ರತೆಯ ಭೂಕಂಪ ಆಯಿತು. ಆ ರಾತ್ರಿ ಅಲ್ಲಿನ ಆಡಳಿತ ಹೇಳಿದ ಸಾವಿನ ಸಂಖ್ಯೆ 144. ಮರುದಿನ ಸಾವಿರ ದಾಟಿತು. ಆಮೇಲೆ ಮೂರು ಸಾವಿರವನ್ನೂ ದಾಟಿತು. ಇದರಲ್ಲಿ ಯಾರೂ ಸುಳ್ಳು ಹೇಳಬೇಕಿಲ್ಲ, ಅವಶೇಷ ತೆಗೆಯುತ್ತಾ ಹೋದಂತೆ ಲೆಕ್ಕ ಏರುತ್ತದೆ. ಹಾಗಾಗಿ ಅಂಕಿ ಬರೆದಾಗಲೆಲ್ಲ ಜೊತೆಗೆ ಎರಡು ವಿಷಯ ಬರೆಯಿರಿ: ಯಾರು ಹೇಳಿದ್ದು, ಯಾವಾಗ ಹೇಳಿದ್ದು. "ಶನಿವಾರ ಸಂಜೆಯ ಹೊತ್ತಿಗೆ, ಅಲ್ಲಿನ ಆಡಳಿತದ ಪ್ರಕಾರ" ಅನ್ನುವ ನಾಲ್ಕೈದು ಪದ ನಿಮ್ಮನ್ನು ಕಾಪಾಡುತ್ತದೆ, ಓದುಗರನ್ನೂ ಕಾಪಾಡುತ್ತದೆ.

ಕೋರ್ಟ್ ಸುದ್ದಿಯಲ್ಲಿ ತಲೆಬರಹ ಒಂದು, ಆದೇಶ ಇನ್ನೊಂದು ಇರುವುದು ಹೆಚ್ಚು. ದಾವೆ ಹೂಡಿದ್ದು, ಮಧ್ಯಂತರ ಆದೇಶ, ತೀರ್ಪು, ರಾಜಿ, ಇವು ನಾಲ್ಕೂ ಬೇರೆ ಬೇರೆ. ಲೇಖಕರು ಎಐ ಕಂಪನಿ ಆಂಥ್ರೊಪಿಕ್ ಮೇಲೆ ಹೂಡಿದ್ದ ಮೊಕದ್ದಮೆಯನ್ನೇ ತೆಗೆದುಕೊಳ್ಳಿ. 2025ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ನ್ಯಾಯಾಧೀಶರು ಒಂದೇ ಆದೇಶದಲ್ಲಿ ಎರಡು ಮಾತು ಹೇಳಿದರು. ಪುಸ್ತಕಗಳಿಂದ ಎಐಗೆ ತರಬೇತಿ ಕೊಡುವುದು ನ್ಯಾಯಯುತ ಬಳಕೆ, ಅಂದರೆ ಲೇಖಕರ ಅನುಮತಿ ಇಲ್ಲದೆಯೂ ಕಾನೂನು ಒಪ್ಪುವ ಬಳಕೆ. ಪೈರಸಿ ಸೈಟುಗಳಿಂದ ಇಳಿಸಿಕೊಂಡ ಲಕ್ಷಾಂತರ ಪುಸ್ತಕಗಳನ್ನು ಸಂಗ್ರಹ ಮಾಡಿ ಇಟ್ಟುಕೊಂಡದ್ದು ಹಾಗಲ್ಲ. ಕೆಲವು ತಲೆಬರಹ ಮೊದಲ ಮಾತನ್ನು ಮಾತ್ರ ಎತ್ತಿಕೊಂಡು ಕಂಪನಿ ಗೆದ್ದಿತು ಅಂದವು. ಸೆಪ್ಟೆಂಬರ್‌ನಲ್ಲಿ 150 ಕೋಟಿ ಡಾಲರ್‌ಗೆ ರಾಜಿ ಆಯಿತು. ಆಗ ಲೇಖಕರು ಗೆದ್ದರು ಅಂತ ಬಂತು. ಆ ರಾಜಿ ಪೈರಸಿ ಪ್ರತಿಗಳ ಬಗ್ಗೆ ಮಾತ್ರ. ಇಂಥ ಸುದ್ದಿ ಬಂದಾಗ ಆದೇಶದ ಪ್ರತಿಯನ್ನೇ ಹುಡುಕಿ ಓದಿ. ಪೂರ್ತಿ ಅರ್ಥ ಆಗದಿದ್ದರೂ ಕೊನೆಯ ಎರಡು ಪುಟ ಓದಿದರೆ ಏನು ತೀರ್ಮಾನ ಆಯಿತು ಅಂತ ಗೊತ್ತಾಗುತ್ತದೆ.

ಬೆಸ್ಟ್‌ಸೆಲ್ಲರ್ ಪಟ್ಟಿಯ ಬಗ್ಗೆ ಚಿಕ್ಕ ಮಾತು. ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಕೆಲವು ಪುಸ್ತಕಗಳ ಪಕ್ಕ ಕಠಾರಿಯ ಗುರುತು ಇರುತ್ತದೆ. ಕೆಲವು ಅಂಗಡಿಗಳಿಗೆ ಸಗಟು ಆರ್ಡರ್ ಬಂದಿದೆ ಅಂತ ಅದರ ಅರ್ಥ. ರಾಜಕಾರಣಿಗಳ ಆತ್ಮಕಥೆ ಮೊದಲ ಸ್ಥಾನಕ್ಕೆ ಬಂತು ಅನ್ನುವ ಸುದ್ದಿ ಬರೆಯುವ ಮುಂಚೆ ಆ ಗುರುತು ಇದೆಯಾ ನೋಡಿಬಿಡಿ.

ಒಂದು ಸುದ್ದಿ ಬರೆದು ನೋಡೋಣ

2025ರ ಮೇ 20ರ ಸುದ್ದಿ ತೆಗೆದುಕೊಳ್ಳುತ್ತೇನೆ. ಆ ವಾರ ಬಹಳ ಕಡೆ ಬಂದದ್ದು ಹೆಚ್ಚು ಕಡಿಮೆ ಹೀಗೆ:

"ಬಾನು ಮುಷ್ತಾಕ್ ಅವರಿಗೆ ಬೂಕರ್ ಪ್ರಶಸ್ತಿ. ಹೆಮ್ಮೆಯ ಕ್ಷಣ. ಎಲ್ಲರೂ ಓದಲೇಬೇಕಾದ ಪುಸ್ತಕ."

ಇದರಲ್ಲಿ ಸಂತೋಷ ಇದೆ, ಆ ಸಂತೋಷ ನನಗೂ ಆಗಿತ್ತು. ಆದರೆ ಸುದ್ದಿ ಅರ್ಧ ಮಾತ್ರ ಇದೆ, ಅದರಲ್ಲೂ ಒಂದು ತಪ್ಪಿದೆ. ಬೂಕರ್ ಬೇರೆ, ಇಂಟರ್‌ನ್ಯಾಷನಲ್ ಬೂಕರ್ ಬೇರೆ. ಬೂಕರ್ ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗೆ, 1969ರಿಂದ ಇದೆ. ಇಂಟರ್‌ನ್ಯಾಷನಲ್ ಬೂಕರ್ 2016ರಿಂದ ಈಗಿನ ರೂಪದಲ್ಲಿದೆ, ಇಂಗ್ಲಿಷಿಗೆ ಅನುವಾದವಾದ ಒಂದು ಕೃತಿಗೆ ಸಿಗುತ್ತದೆ. ಪುಸ್ತಕದ ಹೆಸರಿಲ್ಲ, ಅನುವಾದಕಿಯ ಹೆಸರೂ ಇಲ್ಲ. ಇದನ್ನೇ ನಾನು ಹೀಗೆ ಬರೆಯುತ್ತೇನೆ:

"ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಈ ವರ್ಷದ ಇಂಟರ್‌ನ್ಯಾಷನಲ್ ಬೂಕರ್ ಬಂದಿದೆ. 1990ರಿಂದ 2023ರ ನಡುವೆ ಬರೆದ 12 ಕಥೆಗಳು ಇದರಲ್ಲಿವೆ. ಕಥಾಸಂಕಲನಕ್ಕೆ ಈ ಪ್ರಶಸ್ತಿ ಬಂದಿರುವುದು ಇದೇ ಮೊದಲು, ಕನ್ನಡದಿಂದ ಹೋದ ಕೃತಿಗೂ ಇದೇ ಮೊದಲು. 50,000 ಪೌಂಡ್ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ಸಮನಾಗಿ ಹಂಚಿಕೊಳ್ಳುತ್ತಾರೆ.

ನನ್ನ ಮಾತು: ದುಡ್ಡನ್ನು ಸಮ ಸಮ ಹಂಚುವುದು ಈ ಪ್ರಶಸ್ತಿಯ ನಿಯಮ, ಅಂದರೆ ಇಬ್ಬರನ್ನೂ ಸಮನಾಗಿ ಕಾಣುತ್ತದೆ. ವರದಿಗಳು ಹಾಗೆ ಕಾಣಲಿಲ್ಲ. ನಾನು ಓದಿದ ಎಷ್ಟೋ ತಲೆಬರಹಗಳಲ್ಲಿ ಅನುವಾದಕಿಯ ಹೆಸರೇ ಇರಲಿಲ್ಲ. ಕಾದಂಬರಿಗಳೇ ಗೆಲ್ಲುವ ಕಡೆ ಸಣ್ಣ ಕಥೆಗಳು ಗೆದ್ದದ್ದು ನನಗೆ ಇನ್ನೂ ದೊಡ್ಡ ವಿಷಯ. ಕಥಾಸಂಕಲನ ಅಂದರೆ ಮೂಗು ಮುರಿಯುವ ಪ್ರಕಾಶಕರು ಇನ್ನು ಮೇಲಾದರೂ ಒಮ್ಮೆ ತೆರೆದು ನೋಡಲಿ."

ಈ ಎರಡು ಪ್ಯಾರಾಗಳಲ್ಲಿ ಮೊದಲನೆಯದರಲ್ಲಿ ನನ್ನ ಅಭಿಪ್ರಾಯ ಒಂದೂ ಇಲ್ಲ. ಎರಡನೆಯದು ನನ್ನ ಅಭಿಪ್ರಾಯವೇ, ಅದು ಓದುಗರಿಗೆ ಮೊದಲ ಪದದಲ್ಲೇ ಗೊತ್ತಾಗುತ್ತದೆ. ಹೀಗೆ ಎರಡನ್ನೂ ಬೇರೆ ಇಡುವುದನ್ನು ರೂಢಿ ಮಾಡಿಕೊಳ್ಳಿ. "ನನ್ನ ಮಾತು" ಅಂತಲೇ ಹಾಕಬೇಕೆಂದಿಲ್ಲ, ಅಕ್ಷರ ಓರೆ ಮಾಡಬಹುದು, ಬೇರೆ ಪ್ಯಾರಾ ಮಾಡಬಹುದು. ಆದರೆ ಎಲ್ಲಿ ಸುದ್ದಿ ಮುಗಿಯಿತು, ಎಲ್ಲಿ ನೀವು ಶುರುವಾದಿರಿ ಅಂತ ಕಾಣಬೇಕು. ನಿಮ್ಮ ಅಭಿಪ್ರಾಯ ಒಪ್ಪದವರೂ ಸುದ್ದಿಯ ಭಾಗವನ್ನು ನಂಬಿ ಓದುವಂತಿರಬೇಕು.

ನಿಮ್ಮ ಮಾತಿನಲ್ಲಿ ಏನಿರಬೇಕು

"ಆಸಕ್ತಿಕರ", "ಓದಲೇಬೇಕು", "ಆಘಾತಕಾರಿ" ಇವು ಯಾವುವೂ ಮಾತಾಗುವುದಿಲ್ಲ. ಯಾಕೆ ಅಂತ ಹೇಳಿದರೆ ಮಾತ್ರ ಆಗುತ್ತದೆ. ನನಗೆ ಕೆಲಸಕ್ಕೆ ಬರುವ ಕೆಲವು ದಾರಿ ಹೇಳುತ್ತೇನೆ. ಹಿಂದೆ ಇಂಥದ್ದೇ ಆಗಿತ್ತಾ, ಆಗ ಏನಾಯ್ತು ಅಂತ ನೆನಪಿಸುವುದು ಒಂದು. 2019ರಲ್ಲಿ ಬೂಕರ್ ಇಬ್ಬರಿಗೆ ಹಂಚಿದಾಗ, ನಿಯಮ ಮೀರಿದ್ದೀರಿ ಅಂತ ತೀರ್ಪುಗಾರರ ಮೇಲೆ ಜನ ಹರಿಹಾಯ್ದರು. ಮುಂದೆ ಯಾವುದಾದರೂ ಪ್ರಶಸ್ತಿ ಹೀಗೆ ಹಂಚಿಹೋದರೆ ಆ ಜಗಳ ನೆನಪಿದ್ದವರಿಗೆ ಹೇಳಲು ವಿಷಯ ಇರುತ್ತದೆ. ವರದಿಯಲ್ಲಿ ಯಾರ ಮಾತು ಇಲ್ಲ ಅಂತ ಹುಡುಕುವುದು ಇನ್ನೊಂದು. ಗ್ರಂಥಾಲಯ ಮುಚ್ಚಿದ ಸುದ್ದಿಯಲ್ಲಿ ಅಧಿಕಾರಿ ಮಾತಾಡಿರುತ್ತಾರೆ, ಶಾಸಕರು ಮಾತಾಡಿರುತ್ತಾರೆ, ಅಲ್ಲಿ ದಿನಾ ಬಂದು ಓದುತ್ತಿದ್ದವರನ್ನು ಯಾರೂ ಕೇಳಿರುವುದಿಲ್ಲ. ಅದನ್ನು ಹೇಳಿದರೂ ಸಾಕು. ಇಲ್ಲವಾದರೆ ಎರಡು ಸುದ್ದಿಯನ್ನು ಪಕ್ಕ ಪಕ್ಕ ಇಡಿ: ಒಂದೇ ವಾರದಲ್ಲಿ ಒಂದು ಮಾಧ್ಯಮ ಕಂಪನಿ ಲಾಭ ಘೋಷಿಸಿದ್ದು, ಅದೇ ಕಂಪನಿ ಪುಸ್ತಕ ವಿಮರ್ಶೆಯ ಪುಟ ನಿಲ್ಲಿಸಿದ್ದು. ಹೆಚ್ಚು ವಿವರಿಸಬೇಕಾಗುವುದೇ ಇಲ್ಲ.

ಪುಸ್ತಕ ಓದಿಲ್ಲದಿದ್ದರೆ ಓದಿಲ್ಲ ಅಂತ ಹೇಳಿ. ಅದರಲ್ಲಿ ಅವಮಾನ ಏನೂ ಇಲ್ಲ. ಬೆನ್ನುಡಿ ನೋಡಿ ಓದಿದವರ ಹಾಗೆ ಬರೆದರೆ, ನಿಜವಾಗಿ ಓದಿದವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಅವರು ಮತ್ತೆ ನಿಮ್ಮ ಮಾತು ನಂಬುವುದಿಲ್ಲ.

ಜನ ಸತ್ತ ಸುದ್ದಿಗೆ ಮಾತು ಕಡಿಮೆ ಇರಲಿ. ಎಲ್ಲದರ ಕೆಳಗೂ ಅಭಿಪ್ರಾಯ ಬರೆಯಲೇಬೇಕು ಅಂತ ಯಾರೂ ಹೇಳಿಲ್ಲ. ಏನಾಯಿತು, ಯಾರು ನೆರವಿಗೆ ಹೋಗಿದ್ದಾರೆ, ಹೆಚ್ಚಿನ ವಿವರ ಎಲ್ಲಿ ಸಿಗುತ್ತದೆ ಎಂದು ಮೂರು ಸಾಲು ಬರೆದು ಮುಂದೆ ಹೋಗಿ. ಅಂಥ ಸುದ್ದಿಯ ಬೆನ್ನಿಗೇ ಹಗುರವಾದದ್ದನ್ನು ಇಡಬೇಡಿ, ಓದುವವರ ಮನಸ್ಸಿಗೆ ಕಿರಿಕಿರಿ ಆಗುತ್ತದೆ. ನಡುವೆ ಗಂಭೀರವಾದ ಪುಸ್ತಕದ ಸುದ್ದಿಯೊಂದು ಇರಲಿ.

ಇನ್ನೊಬ್ಬರ ಬರಹ ಎಷ್ಟು ಎತ್ತಬಹುದು

ಬಹಳ ಜನಕ್ಕೆ ಈ ಭಯ ಇರುತ್ತದೆ. ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದ 1886ರದು, ಈಗ ಜಗತ್ತಿನ ಹೆಚ್ಚಿನ ದೇಶಗಳು ಅದರಲ್ಲಿವೆ. ದಿನದ ಸುದ್ದಿಗೆ, ಅಂದರೆ ಬರೀ ನಡೆದ ಸಂಗತಿಗೆ, ಆ ಒಪ್ಪಂದದ ರಕ್ಷಣೆ ಇಲ್ಲ. ಪ್ರಶಸ್ತಿ ಯಾರಿಗೆ ಬಂತು ಅನ್ನುವುದು ಯಾರ ಸ್ವತ್ತೂ ಅಲ್ಲ. ಆದರೆ ಅದನ್ನು ಹೇಳಿದ ವಾಕ್ಯಗಳು ಬರೆದವರದ್ದು. ಅವನ್ನು ಉದ್ಧರಿಸಬಹುದು, ಉದ್ದೇಶಕ್ಕೆ ಬೇಕಾದಷ್ಟು ಮಾತ್ರ, ಮೂಲವನ್ನೂ ಬರೆದವರ ಹೆಸರನ್ನೂ ಹೇಳಿ. ಪತ್ರಿಕೆಗಳ ಬರಹಗಳಿಂದ ಆಯ್ದು ಸುದ್ದಿ ಸಾರಾಂಶ ಕೊಡುವುದನ್ನು ಆ ಒಪ್ಪಂದದ 10ನೇ ವಿಧಿ ಹೆಸರಿಟ್ಟು ಒಪ್ಪುತ್ತದೆ. ವಿವರ ಒಂದೊಂದು ದೇಶದ ಕಾನೂನಿನಲ್ಲಿ ಬೇರೆ ಇರುತ್ತದೆ, ನಿಮ್ಮಲ್ಲಿ ಹೇಗಿದೆ ಒಮ್ಮೆ ಓದಿಕೊಳ್ಳಿ.

ನನ್ನ ಅಭ್ಯಾಸ ಹೀಗೆ: ಒಂದು ವರದಿಯಿಂದ ಒಂದೆರಡು ವಾಕ್ಯಕ್ಕಿಂತ ಜಾಸ್ತಿ ಎತ್ತುವುದಿಲ್ಲ. ಉಳಿದದ್ದನ್ನು ಮೂಲ ಮುಚ್ಚಿಟ್ಟು ನನ್ನ ಮಾತಿನಲ್ಲಿ ಬರೆಯುತ್ತೇನೆ, ಆಮೇಲೆ ತೆರೆದು ತಪ್ಪಿದೆಯಾ ನೋಡುತ್ತೇನೆ. ಪಕ್ಕದಲ್ಲಿ ತೆರೆದಿಟ್ಟುಕೊಂಡು ಬರೆದರೆ ನಮಗೇ ಗೊತ್ತಿಲ್ಲದೆ ಅವರ ವಾಕ್ಯ ಬಂದುಬಿಡುತ್ತದೆ. ಫೋಟೊಗಳನ್ನಂತೂ ಸುಮ್ನೆ ಎತ್ತಬೇಡಿ. ಪುಸ್ತಕದ ಮುಖಪುಟವನ್ನು ಪ್ರಕಾಶಕರೇ ಪ್ರಚಾರಕ್ಕೆ ಕೊಟ್ಟಿರುತ್ತಾರೆ, ಅದು ಸಾಕು. ಯಾವುದೋ ಘಟನೆಯದ್ದು ಎಂದು ಓಡಾಡುವ ಚಿತ್ರ ಕಂಡರೆ, ಅದೇ ಚಿತ್ರ ಬೇರೆಲ್ಲಿ ಬಂದಿದೆ ಅಂತ ಹುಡುಕಿ ಕೊಡುವ ಟಿನ್‌ಐ ಅಥವಾ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಎಷ್ಟೋ ಸಲ ಅದು ಹಳೆಯ, ಬೇರೆ ದೇಶದ ಚಿತ್ರ ಆಗಿರುತ್ತದೆ.

ಜೋಡಿಸಿ, ಪ್ರಕಟಿಸಿ, ತಿದ್ದಿ

ಮೊದಲ ಸುದ್ದಿ ವಾರದ ಅತಿ ದೊಡ್ಡ ಸುದ್ದಿಯೇ ಆಗಬೇಕಿಲ್ಲ, ನಿಮಗೆ ಹೇಳಲು ಹೆಚ್ಚು ಇರುವ ಸುದ್ದಿ ಆಗಲಿ. ಅದಕ್ಕೆ ಮುನ್ನೂರು ಪದ ಕೊಡಿ, ಕೊನೆಯ ಎರಡು ಮೂರಕ್ಕೆ ಒಂದೊಂದು ಸಾಲು ಸಾಕು. ತಲೆಬರಹದಲ್ಲಿ ಏನಿದೆ ಅಂತ ಹೇಳಿ. "ಈ ವಾರದ ಸುದ್ದಿಗಳು" ಅಂತ ಪ್ರತಿ ಸಲ ಹಾಕಿದರೆ ವರ್ಷ ಕಳೆದ ಮೇಲೆ ಯಾವುದರಲ್ಲಿ ಏನಿತ್ತು ಅಂತ ನಿಮಗೇ ಸಿಗುವುದಿಲ್ಲ. ಲಿಂಕಿನ ಜೊತೆ ಪತ್ರಿಕೆಯ ಹೆಸರು, ದಿನಾಂಕ ಬರೆಯಿರಿ. ಓದಲು ಹಣ ಕಟ್ಟಬೇಕಾದ ಪುಟವಾದರೆ ಅದನ್ನೂ ಹೇಳಿ.

ಲಿಂಕುಗಳು ಸಾಯುತ್ತವೆ. ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ಮೇಲೆ ಸಿಗುತ್ತಿರಲಿಲ್ಲ. ಆದ್ದರಿಂದ ಪ್ರಕಟಿಸುವ ಮುಂಚೆ ಮುಖ್ಯವಾದ ಲಿಂಕುಗಳನ್ನು, ವೆಬ್ ಪುಟಗಳ ಪ್ರತಿ ತೆಗೆದಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಬಿಡಿ. ವಿಳಾಸ ಅಂಟಿಸಿ ಗುಂಡಿ ಒತ್ತಿದರೆ ಆಯಿತು. ಮೂಲದವರು ಆಮೇಲೆ ಸದ್ದಿಲ್ಲದೆ ವರದಿ ಬದಲಿಸಿದರೂ, ನೀವು ಓದಿದಾಗ ಏನಿತ್ತು ಅನ್ನುವುದಕ್ಕೆ ಪುರಾವೆ ಇರುತ್ತದೆ.

ಪ್ರಕಟಿಸುವ ಮುಂಚೆ ಕೊನೆಯದಾಗಿ ಹೆಸರುಗಳನ್ನು ನೋಡಿ. ಬೇರೆ ಭಾಷೆಯ ಲೇಖಕರ ಹೆಸರನ್ನು ಕನ್ನಡದಲ್ಲಿ ಬರೆಯುವಾಗ ಅವರೇ ಹೇಳಿದ ಉಚ್ಚಾರ ಯಾವುದಾದರೂ ಸಂದರ್ಶನದ ವಿಡಿಯೊದಲ್ಲಿ ಸಿಗುತ್ತದೆ. 2025ರ ನೊಬೆಲ್ ಬಂದ ಹಂಗೇರಿಯ ಲಾಸ್ಲೊ ಕ್ರಾಸ್ನಹೊರ್ಕೈ ಅವರ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆದರು. ನೀವು ಒಂದು ರೂಪ ಆರಿಸಿ, ಕೊನೆತನಕ ಅದನ್ನೇ ಬಳಸಿ.

ತಪ್ಪು ಹೋದರೆ ತಿದ್ದಿ, ತಿದ್ದಿದ್ದೇವೆ ಅಂತ ಅಲ್ಲೇ ದಿನಾಂಕ ಸಮೇತ ಬರೆಯಿರಿ. ಹಳೆಯ ವಾಕ್ಯವನ್ನು ಸದ್ದಿಲ್ಲದೆ ಅಳಿಸಬೇಡಿ. ಮುಂದಿನ ವಾರದ ಸುತ್ತನ್ನು ಆ ತಿದ್ದುಪಡಿಯಿಂದಲೇ ಶುರು ಮಾಡಿ, ಎಲ್ಲಕ್ಕಿಂತ ಮೇಲೆ, ಯಾಕಂದರೆ ಮೊದಲ ಸಲ ಓದಿ ತಪ್ಪು ತಿಳಿದವರು ಹಳೆಯ ಪುಟಕ್ಕೆ ವಾಪಸ್ ಬಂದು ನೋಡುವುದಿಲ್ಲ. ತಪ್ಪು ತೋರಿಸಿದ ಓದುಗರು ಒಪ್ಪಿದರೆ ಅವರ ಹೆಸರು ಹೇಳಿ ಥ್ಯಾಂಕ್ಸ್ ಹೇಳಿ. ಆಮೇಲೆ ಆ ವಾರದ ಸುದ್ದಿಗೆ ಹೋಗಿ.